ಆಮೆಗೇಕೆ ಸಿಟ್ಟು?

ಹೋದ ವರ್ಷ ಮೇ ತಿಂಗಳ ಒಂದು ರಾತ್ರಿ ನಮ್ಮಣ್ಣನ ಮಗಳು ಇಂಗ್ಲೆಂಡಿನಿಂದ ಫೋನು ಮಾಡಿದಳು. “ಅತ್ತೆ, ನಮ್ಮ ಗುಂಡನಿಗೆ ಹುಚ್ಚು ಹಿಡಿದಿದೆ” ಎಂದಳು. ನನ್ನ ಎದೆ ಝಲ್ಲೆಂದಿತು. ಅವಳ ಗಂಡನ ಹೆಸರು ಅದಲ್ಲ, ಮಗನ ಹೆಸರೂ ಅದಲ್ಲ. ಗುಂಡ ಎಂದರೆ ಅವಳು ಆರು ವರ್ಷದಿಂದ ಸಾಕಿಕೊಂಡಿರುವ ಆಮೆ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಗುಂಡ ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದು. ಸೊಪ್ಪು ತಿಂದು ಬಿಸಿಲು ಕಾಯಿಸಿಕೊಂಡು ಬಿದ್ದಿರುತ್ತಿದ್ದ ಪ್ರಾಣಿ. ಅಂಥದ್ದು ಎರಡು ವಾರದಿಂದ ಚಪ್ಪಲಿ ಕಂಡರೆ ಟಗರಿನ ಹಾಗೆ ಗುಮ್ಮುತ್ತದಂತೆ. ಹಿತ್ತಲಿನ ಗಾಜಿನ ಬಾಗಿಲಿಗೆ ಬೆಳಗಿನಿಂದ ಸಂಜೆಯವರೆಗೆ ಢಿಕ್ಕಿ ಹೊಡೆಯುತ್ತದಂತೆ. ಎತ್ತಿಕೊಳ್ಳಲು ಹೋದರೆ ಬುಸ್ಸೆನ್ನುತ್ತದೆ. ಅಂದು ಮಧ್ಯಾಹ್ನ ಮಗನ ಕಾಲಿನ ಹೆಬ್ಬೆರಳನ್ನು ಕಚ್ಚಿ ರಕ್ತ ಬರಿಸಿದೆ. “ಯಾರಿಗಾದರೂ ಕೊಟ್ಟುಬಿಡೋಣ ಅಂತಾರೆ ಇವರು. ಮಗ ಊಟ ಬಿಟ್ಟು ಕೂತಿದ್ದಾನೆ. ನೀವು ಇತಿಹಾಸ ಪಾಠ ಮಾಡಿದವರು, ಆಮೆ ವಿಷಯ ನಿಮ್ಮನ್ನ ಕೇಳೋದು ತಮಾಷೆ. ಆದರೂ ಏನಾದರೂ ಹೇಳಿ ಅತ್ತೆ” ಎಂದಳು.

ಫೋನು ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಆಮೆಗೆ ಸಿಟ್ಟು ಬರುತ್ತದೆ ಎಂಬುದೇ ನನಗೆ ಹೊಸ ಮಾತು. ನಮ್ಮಲ್ಲಿ ಆಮೆ ಎಂದರೆ ಶಾಂತಿಯ ಮೂರ್ತಿ. ದೇವಸ್ಥಾನಕ್ಕೆ ಹೋದರೆ ಗರ್ಭಗುಡಿಯ ಎದುರು ನೆಲದಲ್ಲಿ ಕೆತ್ತಿದ ಆಮೆ ಇರುತ್ತದೆ. ಮಂದರ ಪರ್ವತವನ್ನೇ ಬೆನ್ನ ಮೇಲೆ ಹೊತ್ತು ತುಟಿ ಪಿಟಕ್ಕೆನ್ನದ ಕೂರ್ಮಾವತಾರದ ಕತೆ ಮಕ್ಕಳಿಗೂ ಗೊತ್ತು. ಇಂದ್ರಿಯಗಳನ್ನು ಒಳಗೆಳೆದುಕೊಂಡ ಸ್ಥಿತಪ್ರಜ್ಞನಿಗೆ ಭಗವದ್ಗೀತೆ ಕೊಡುವ ಹೋಲಿಕೆಯೂ ಅದೇ. ನಮ್ಮ ತವರುಮನೆಯ ಬಾವಿಯಲ್ಲಿ ಒಂದು ಆಮೆ ಇತ್ತು. ನೀರು ಶುದ್ಧವಾಗಿರಲಿ ಎಂದು ಯಾವ ಕಾಲದಲ್ಲೋ ಬಿಟ್ಟದ್ದು. ನೀರು ಸೇದುವಾಗ ಕೊಡ ತಾಗಿದರೂ ಪಾಪ, ಅದು ಸುಮ್ಮನೆ ಆಳಕ್ಕಿಳಿಯುತ್ತಿತ್ತು. ನೀರಿನ ಆಮೆ, ನೆಲದ ಆಮೆ ಎರಡಕ್ಕೂ ನಮ್ಮಲ್ಲಿ ಒಂದೇ ಹೆಸರು. ಎರಡಕ್ಕೂ ಒಂದೇ ಸ್ವಭಾವ ಎಂದು ನಾನು ಆರವತ್ತು ವರ್ಷ ನಂಬಿದ್ದೆ.

ನಿದ್ದೆ ಬಾರದ ಆ ರಾತ್ರಿ ನನಗೆ ನೆನಪಾದದ್ದು ಇನ್ನೊಂದು ಆಮೆ. ಕಾಲೇಜಿನಲ್ಲಿ ಓದುವಾಗ ಗ್ರಂಥಾಲಯದ ಮೂಲೆಯಲ್ಲಿ ಸಿಕ್ಕಿದ ಹಳೆಯ ಇಂಗ್ಲಿಷ್ ಪುಸ್ತಕವೊಂದರಲ್ಲಿ ಪರಿಚಯವಾದದ್ದು. ಅದರ ಹೆಸರು ಟಿಮೊಥಿ.

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಸೆಲ್ಬೋರ್ನ್ ಎಂಬ ಹಳ್ಳಿ. ಅಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಗಳಿದ್ದರು. ಮದುವೆಯಾಗದ ಮನುಷ್ಯ. ಚರ್ಚಿನ ಕೆಲಸ ಮುಗಿದರೆ ಅವರ ಲೋಕವೆಲ್ಲ ಹಕ್ಕಿ, ಹುಳು, ಮಳೆ, ತೋಟ. ಕಂಡದ್ದನ್ನೆಲ್ಲ ಸ್ನೇಹಿತರಿಗೆ ಕಾಗದ ಬರೆಯುತ್ತಿದ್ದರು, ದಿನಚರಿಯಲ್ಲಿ ಗುರುತು ಹಾಕುತ್ತಿದ್ದರು. ಆ ಕಾಗದಗಳೇ ಮುಂದೆ ಸೆಲ್ಬೋರ್ನಿನ ನಿಸರ್ಗಚರಿತ್ರೆ ಎಂಬ ಪುಸ್ತಕವಾಗಿ 1789ರ ಇಸವಿ ಹೊತ್ತು ಹೊರಬಂದವು. ಅಂದಿನಿಂದ ಇಂದಿನವರೆಗೂ ಆ ಪುಸ್ತಕ ಅಚ್ಚಾಗುತ್ತಲೇ ಬಂದಿದೆ.

ಆ ಆಮೆ ಮೊದಲು ವೈಟರದಲ್ಲ, ಅವರ ಸೋದರತ್ತೆಯದು. ರೆಬೆಕಾ ಸ್ನೂಕ್ ಎಂದು ಆಕೆಯ ಹೆಸರು. ಸಸೆಕ್ಸ್ ಪ್ರಾಂತದ ರಿಂಗ್ಮರ್ ಎಂಬ ಊರಿನಲ್ಲಿ ಮನೆ. ಆಕೆಯ ಗಂಡ ಚಿಚೆಸ್ಟರಿನಲ್ಲಿ ನಾವಿಕನೊಬ್ಬನಿಗೆ ಅರ್ಧ ಕ್ರೌನ್ ಕೊಟ್ಟು ಅದನ್ನು ತಂದರು ಎಂಬ ಕತೆಯನ್ನು ವೈಟರೇ ಮುಂದೆ ತಮಾಷೆಯ ಕಾಗದವೊಂದರಲ್ಲಿ ಬರೆದಿದ್ದಾರೆ. ತಂದವರು ಯಾರೇ ಇರಲಿ, ನೋಡಿಕೊಂಡವರು ಸ್ನೂಕಮ್ಮ. ವೈಟರು ಅತ್ತೆಯ ಮನೆಗೆ ನೆಂಟರಾಗಿ ಹೋದಾಗಲೆಲ್ಲ ತೋಟದಲ್ಲಿ ಆಮೆಯನ್ನು ನೋಡುತ್ತ ಕೂರುತ್ತಿದ್ದರು. 1772ರ ಒಂದು ಕಾಗದದಲ್ಲಿ ಅವರು ಬರೆದ ಸಂಗತಿ ನನಗೆ ಇಂದಿಗೂ ಮರೆತಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತನಗೆ ಉಣಿಸಿದ ಆ ಮುದುಕಿ ಕಣ್ಣಿಗೆ ಬಿದ್ದೊಡನೆ ಆಮೆ ಕುಂಟುತ್ತ ಕುಂಟುತ್ತ ಆಕೆಯ ಕಡೆ ಆತುರದಿಂದ ಹೋಗುತ್ತಿತ್ತಂತೆ. ಬೇರೆ ಯಾರು ಬಂದರೂ ಗಮನವೇ ಇಲ್ಲ.

1780ರ ಮಾರ್ಚಿಯಲ್ಲಿ ಸ್ನೂಕಮ್ಮ ತೀರಿಕೊಂಡರು. ಆಸ್ತಿಯ ವಿಲೇವಾರಿಯ ಜೊತೆಗೆ ಆಮೆಯ ವಿಲೇವಾರಿಯೂ ಆಗಬೇಕಲ್ಲ? ಅದು ಅಳಿಯನ ಪಾಲಿಗೆ ಬಂತು. ಚಳಿಗಾಲವೆಲ್ಲ ಮಣ್ಣಿನೊಳಗೆ ಮಲಗಿದ್ದ ಪ್ರಾಣಿಯನ್ನು ವೈಟರು ಅಗೆದು ಎಬ್ಬಿಸಿದರು. ಎಚ್ಚರವಾದ ಆಮೆ ಬುಸ್ಸೆಂದು ತನ್ನ ಅಸಮಾಧಾನ ತೋರಿಸಿತು ಎಂದು ಅವರು ಬರೆಯುತ್ತಾರೆ. ಆಮೇಲೆ ಪೆಟ್ಟಿಗೆಯಲ್ಲಿ ಮಣ್ಣು ತುಂಬಿ ಅದರೊಳಗಿಟ್ಟು, ಕುದುರೆಗಾಡಿಯಲ್ಲಿ 80 ಮೈಲಿ ಕುಲುಕಿಸಿಕೊಂಡು ಸೆಲ್ಬೋರ್ನಿಗೆ ತಂದರು. ಇಳಿಸಿದರೆ, ಆ ನಿದ್ದೆಗೆಟ್ಟ ಜೀವ ಹೊಸ ತೋಟದ ತುದಿಯವರೆಗೆ ಎರಡು ಸಲ ನಡೆದು, ಸಂಜೆ ಚಳಿಯಾದಾಗ ಮತ್ತೆ ಮಣ್ಣಿನೊಳಗೆ ಹೂತುಕೊಂಡಿತು.

ಆ ಬುಸ್ಸೆನ್ನುವ ಸದ್ದಿನ ವಿಷಯ ಒಂದಿಷ್ಟು ಹೇಳಬೇಕು. ಆಮೆಯ ಚಿಪ್ಪು ನಮ್ಮ ಎದೆಯ ಹಾಗೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ತಲೆಯನ್ನೂ ಕಾಲುಗಳನ್ನೂ ತಟಕ್ಕನೆ ಒಳಗೆಳೆದುಕೊಂಡರೆ ಶ್ವಾಸಕೋಶದಲ್ಲಿದ್ದ ಗಾಳಿಗೆ ಜಾಗ ಸಾಲದೆ ಬಾಯಿಂದ, ಮೂಗಿನಿಂದ ಹೊರನುಗ್ಗುತ್ತದೆ. ನಮ್ಮ ಕಿವಿಗೆ ಅದು ಹಾವಿನ ಬುಸುಗುಟ್ಟುವಿಕೆಯಂತೆ ಕೇಳುತ್ತದೆ, ನಾವು ಕೋಪ ಎನ್ನುತ್ತೇವೆ. ಬಹಳ ಸಲ ಅದು ಹೆದರಿಕೆ. ವೈಟರ ನಂತರ, 1835ರಲ್ಲಿ, ಚಾರ್ಲ್ಸ್ ಡಾರ್ವಿನ್ನರು ಗಲಪಗಾಸ್ ದ್ವೀಪಗಳಿಗೆ ಹೋದಾಗ ಇದನ್ನೇ ಕಂಡರು. ನಡೆದುಹೋಗುತ್ತಿರುವ ದೈತ್ಯ ಆಮೆಯನ್ನು ಹಿಂದಿನಿಂದ ಬಂದು ದಾಟಿದರೆ ಸಾಕು, ಅದು ದೊಡ್ಡದಾಗಿ ಬುಸ್ಸೆಂದು ತಲೆ ಕಾಲು ಒಳಗೆಳೆದುಕೊಂಡು, ಸತ್ತಂತೆ ದೊಪ್ಪೆಂದು ನೆಲಕ್ಕೆ ಕುಸಿಯುತ್ತಿತ್ತು. ಹೊಡೆಯಲು ಬರುವವರು ಹಾಗೆ ಕುಸಿಯುತ್ತಾರೆಯೆ?

ಸೆಲ್ಬೋರ್ನಿನಲ್ಲಿ ಟಿಮೊಥಿಯ ಬದುಕು ಸುಖವಾಗಿಯೇ ಇತ್ತೆನ್ನಬೇಕು, ಪಾದ್ರಿಗಳ ಪರೀಕ್ಷೆಗಳನ್ನು ಬಿಟ್ಟರೆ. ಒಂದು ದಿನ ಈಜುತ್ತದೆಯೋ ನೋಡೋಣ ಎಂದು ನೀರಿನ ತೊಟ್ಟಿಗೆ ಬಿಟ್ಟರು. ಪಾಪ, ನಿಧಾನವಾಗಿ ಮುಳುಗಿ ತಳದಲ್ಲಿ ಗಾಬರಿಯಿಂದ ನಡೆದಾಡಿತು. ಇನ್ನೊಂದು ದಿನ ಕಿವಿ ಕೇಳುತ್ತದೆಯೋ ನೋಡೋಣ ಎಂದು ತುತ್ತೂರಿಯಂಥ ಕೊಳವೆಯಲ್ಲಿ ಅದರ ಹೆಸರು ಹಿಡಿದು ಕೂಗಿದರು. ಅದು ತಿರುಗಿಯೂ ನೋಡಲಿಲ್ಲ. ಆಗಾಗ ತಕ್ಕಡಿಯಲ್ಲಿ ತೂಗುತ್ತಿದ್ದರು, ಸುಮಾರು ಮೂರು ಕಿಲೋ ತೂಗುತ್ತಿತ್ತು.

ಆದರೆ ಪ್ರತಿ ವರ್ಷ ಬೇಸಿಗೆಯ ಆರಂಭಕ್ಕೆ ಆ ಸಾಧು ಪ್ರಾಣಿಯ ವರ್ತನೆ ಬದಲಾಗುತ್ತಿತ್ತು. ಬೆಳಗಿನ ಐದು ಗಂಟೆಗೇ ಎದ್ದು, ತುದಿಗಾಲಲ್ಲಿ ನಿಂತಂತೆ ಮೈಯೆತ್ತಿ ನಡೆಯುತ್ತಿತ್ತು. ಬೇಲಿಯ ಒಂದೊಂದು ಸಂದನ್ನೂ, ಒಂದೊಂದು ದಿಡ್ಡಿಬಾಗಿಲನ್ನೂ ಮೂಸಿ ನೋಡುತ್ತಿತ್ತು. ತೋಟಗಾರನ ಕಣ್ತಪ್ಪಿಸಿ ಹೊರಬೀಳುತ್ತಿತ್ತು. 1784ರ ಮೇ ತಿಂಗಳಲ್ಲಿ ಹೀಗೆ ಹೋದದ್ದು ಒಂದು ವಾರಕ್ಕೂ ಹೆಚ್ಚು ಕಾಲ ಪತ್ತೆಯೇ ಇರಲಿಲ್ಲ. ಕೊನೆಗೆ ಹತ್ತಿರದ ಅವರೆಯಂಥ ಕಾಳಿನ ಹೊಲವೊಂದರಲ್ಲಿ ಸಿಕ್ಕಿತು.

ಇದಕ್ಕೆ ವೈಟರು ಕೊಟ್ಟ ಕಾರಣ ಏನು ಗೊತ್ತೆ? ಪ್ರಣಯ. ಗಂಡಾಮೆಗೆ ಪ್ರಾಯದ ಹುಚ್ಚು ಹತ್ತಿದೆ, ಸಂಗಾತಿಯನ್ನು ಹುಡುಕಿ ಹೊರಟಿದೆ, ಆ ಮೋಹದಲ್ಲಿ ತನ್ನ ಎಂದಿನ ಗಾಂಭೀರ್ಯವನ್ನೂ ಮರೆತಿದೆ ಎಂದು ಅವರು ನಸುನಗುತ್ತ ಬರೆದರು. ಓದಿದವರೂ ನಕ್ಕರು.

ವೈಟರು 1793ರಲ್ಲಿ ತೀರಿಕೊಂಡರು. ಮರುವರ್ಷ ವಸಂತದಲ್ಲಿ ಟಿಮೊಥಿಯೂ ಹೋಯಿತು. ಅದರ ಚಿಪ್ಪನ್ನು ಮನೆಯವರು ಜೋಪಾನವಾಗಿಟ್ಟಿದ್ದರು. ಅದು ಈಗ ಲಂಡನ್ನಿನ ನಿಸರ್ಗಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ತಿಳಿದವರು ಚಿಪ್ಪನ್ನು ಪರೀಕ್ಷಿಸಿದಾಗ ಹೊರಬಿದ್ದ ಸಂಗತಿ ಇಷ್ಟು: ಟಿಮೊಥಿ ಗಂಡಲ್ಲ, ಹೆಣ್ಣು!

ಆ ಸುದ್ದಿ ಓದಿದ ಮೇಲೆ ಹಳೆಯ ಕಾಗದಗಳೆಲ್ಲ ಬೇರೆಯೇ ಅರ್ಥ ಕೊಡುತ್ತವೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನೆಲದಾಮೆಗಳು ಮೊಟ್ಟೆಯಿಡುವುದು ಬೇಸಿಗೆಯ ಆರಂಭದಲ್ಲಿ. ಬಸುರಿ ಆಮೆ ಮೇವು ಬಿಡುತ್ತದೆ, ಬೇಲಿಗುಂಟ ಅಲೆಯುತ್ತದೆ, ಬಿಸಿಲು ಬೀಳುವ ಇಳಿಜಾರಿನ ಸಡಿಲ ಮಣ್ಣು ಹುಡುಕುತ್ತದೆ, ಅಲ್ಲಲ್ಲಿ ಅಗೆದು ನೋಡಿ ಬಿಡುತ್ತದೆ. ಅಡ್ಡ ಬಂದ ಇನ್ನೊಂದು ಆಮೆಯನ್ನು ಗುದ್ದಿ ದೂಡುವುದೂ ಉಂಟು. ಗಂಡಿನ ಸಹವಾಸವಿಲ್ಲದ ಒಂಟಿ ಹೆಣ್ಣೂ ಫಲವಿಲ್ಲದ ಮೊಟ್ಟೆ ಇಡಬಲ್ಲದು. ಟಿಮೊಥಿ ಬೇಲಿ ಮೂಸಿದ್ದು ಪ್ರಿಯತಮೆಗಾಗಿ ಅಲ್ಲ, ಬೆಚ್ಚನೆಯ ಒಂದು ಹಿಡಿ ಮಣ್ಣಿಗಾಗಿ ಇರಬಹುದು. ಹೆರಿಗೆಗೆ ಜಾಗ ಹುಡುಕುತ್ತಿದ್ದವಳನ್ನು ಜಗತ್ತು ಪೋಲಿ ಹುಡುಗನೆಂದು ತಿಳಿದು ನಕ್ಕಿತಲ್ಲ ಎಂದು ನನಗೆ ಕಸಿವಿಸಿಯಾಯಿತು. 1946ರಲ್ಲಿ ಸಿಲ್ವಿಯಾ ಟೌನ್ಸೆಂಡ್ ವಾರ್ನರ್ ಎಂಬ ಲೇಖಕಿ ವೈಟರ ಬರಹಗಳಿಂದ ಆಮೆಯ ಪ್ರಸಂಗಗಳನ್ನೆಲ್ಲ ಆಯ್ದು ಒಂದು ಪುಟ್ಟ ಪುಸ್ತಕ ಮಾಡಿದರು. ಪಾದ್ರಿಗಳ ಮನೆಯ ಒಂದು ಮೂಲೆಯಲ್ಲಿದ್ದ ಪ್ರಾಣಿ ಕೊನೆಗೂ ಒಂದು ಚರಿತ್ರೆಯ ನಾಯಕಿಯಾಯಿತು.

ಇದು ಒಂದು ಆಮೆಯ ಕತೆಯಾಗಿದ್ದರೆ ಬಿಡಬಹುದಿತ್ತು. ಇಂಗ್ಲೆಂಡಿನಲ್ಲಿ ಇನ್ನೊಂದು ಟಿಮೊಥಿ ಇತ್ತು. 1854ರಲ್ಲಿ ಪೋರ್ಚುಗೀಸ್ ಹಡಗೊಂದರಲ್ಲಿ ಬ್ರಿಟಿಷ್ ನೌಕಾದಳದ ಕ್ಯಾಪ್ಟನ್ನರೊಬ್ಬರಿಗೆ ಸಿಕ್ಕಿದ್ದು. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತಪೋಲ್ ನಗರದ ಮೇಲೆ ಗುಂಡಿನ ಮಳೆ ಸುರಿದಾಗ ಅದು ‘ಕ್ವೀನ್’ ಎಂಬ ಯುದ್ಧನೌಕೆಯ ಮೇಲಿತ್ತು. 1892ರಲ್ಲಿ ಸೇವೆಯಿಂದ ನಿವೃತ್ತಿಯಾಗಿ ದಡ ಸೇರಿತು. ಮುಂದೆ ಡೆವನ್ ಪ್ರಾಂತದ ಪೌಡರ್‌ಹ್ಯಾಮ್ ಕೋಟೆಯ ಗುಲಾಬಿ ತೋಟ ಅದರ ಮನೆಯಾಯಿತು. 1926ರಲ್ಲಿ ಯಜಮಾನರಿಗೆ ಅದರ ಸಂತಾನ ಬೆಳೆಸುವ ಆಸೆಯಾಗಿ ಪರೀಕ್ಷೆ ಮಾಡಿಸಿದರೆ, ಅದೂ ಹೆಣ್ಣು. ಎಪ್ಪತ್ತು ವರ್ಷ ನಾವಿಕನ ಲೆಕ್ಕದಲ್ಲಿದ್ದವಳು ಹೆಣ್ಣೆಂದು ತಿಳಿದ ಮೇಲೂ ಹೆಸರು ಬದಲಾಗಲಿಲ್ಲ. 2004ರಲ್ಲಿ ಸುಮಾರು 160 ವರ್ಷದ ಮುದುಕಿಯಾಗಿ ತೀರಿಕೊಂಡಳು. ಬಿ.ಬಿ.ಸಿ.ಯ ಮಕ್ಕಳ ಕಾರ್ಯಕ್ರಮವೊಂದಕ್ಕೆ 1963ರಲ್ಲಿ ತಂದ ಫ್ರೆಡ್ ಎಂಬ ಆಮೆಯದೂ ಇದೇ ಪಾಡು. ಫ್ರೆಡ್ ಆಮೇಲೆ ಫ್ರೀಡಾ ಆಯಿತು. ಗಟ್ಟಿ ಚಿಪ್ಪು, ಗಂಭೀರ ಮುಖ ಕಂಡೊಡನೆ ಗಂಡಸೇ ಇರಬೇಕು ಎಂದು ಜನ ತೀರ್ಮಾನಿಸಿಬಿಡುತ್ತಿದ್ದರೋ ಏನೋ!

ಇಷ್ಟೆಲ್ಲ ನೆನಪು ಮಾಡಿಕೊಂಡ ಮೇಲೆ ನನಗೆ ಸಂಶಯವೇ ಉಳಿಯಲಿಲ್ಲ. ಬೆಳಗಾಗುವುದನ್ನೇ ಕಾದು ಫೋನು ಮಾಡಿದೆ. “ನಿನ್ನ ಗುಂಡ ಗುಂಡನಲ್ಲ ಕಣೇ, ಗುಂಡಿ! ಅವಳು ಬಸುರಿ. ಹಿತ್ತಿಲಲ್ಲಿ ಬಿಸಿಲಿರುವ ಕಡೆ ಒಂದು ಮೊಳ ಸಡಿಲ ಮಣ್ಣು ಹಾಕಿಕೊಡು, ಎಲ್ಲ ಸರಿಯಾಗುತ್ತೆ” ಎಂದು ಪಾಠ ಮಾಡುವ ದನಿಯಲ್ಲಿ ಹೇಳಿದೆ. ಟಿಮೊಥಿಗೆ ಆದ ಅನ್ಯಾಯವನ್ನು ಇನ್ನೂರು ವರ್ಷದ ಮೇಲೆ ನಾನು ಸರಿಪಡಿಸುತ್ತಿದ್ದೇನೆ ಎಂಬ ಹೆಮ್ಮೆ ನನಗೆ.

ಅವಳು ನನ್ನ ಮಾತು ನಂಬಿ ಮಣ್ಣು ಹಾಕಿದಳು. ಗುಂಡ ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕು ದಿನದ ಮೇಲೆ ಪ್ರಾಣಿವೈದ್ಯರ ಹತ್ತಿರ ಒಯ್ದಳು. ಅವರು ನಿಧಾನವಾಗಿ ಎತ್ತಿ ಹೊಟ್ಟೆಯ ಕಡೆ ನೋಡಿದರು. ಈ ಜಾತಿಯಲ್ಲಿ ಹೆಣ್ಣಿನ ಹೊಟ್ಟೆಯ ಚಿಪ್ಪು ಚಪ್ಪಟೆ, ಬಾಲ ಗಿಡ್ಡ. ಗಂಡಿನ ಹೊಟ್ಟೆಯ ಚಿಪ್ಪು ಒಳಕ್ಕೆ ತಗ್ಗಾಗಿರುತ್ತದೆ, ಬಾಲ ಉದ್ದ, ದಪ್ಪ. ಗುಂಡ ಅಪ್ಪಟ ಗಂಡು! ಬಾಯಿ, ಚಿಪ್ಪು ಎಲ್ಲ ನೋಡಿ, ನೋವಿನಿಂದ ಮುನಿದಿಲ್ಲ, ಆರೋಗ್ಯವಾಗಿದೆ ಎಂದೂ ಹೇಳಿದರಂತೆ.

ನನಗೆ ನಾಚಿಕೆಯಾಯಿತು. ವೈಟರು ಆಮೆಯನ್ನು ತಿರುಗಿಸಿ ನೋಡದೆ ಗಂಡೆಂದರು. ನಾನು ಆಮೆಯನ್ನು ಕಣ್ಣಿನಿಂದಲೂ ನೋಡದೆ ಹೆಣ್ಣೆಂದೆ. ಅವರು ತಮ್ಮ ಕಾಲದ ಕತೆಯನ್ನು ಅದರ ಬೆನ್ನಿಗೆ ಕಟ್ಟಿದರು, ನಾನು ನನ್ನ ಕಾಲದ ಕತೆಯನ್ನು ಕಟ್ಟಿದೆ. ತಪ್ಪು ಒಂದೇ.

ನಿಜವಾದ ಕಾರಣ ಕಂಡುಹಿಡಿದವನು ಹೆಬ್ಬೆರಳು ಕಚ್ಚಿಸಿಕೊಂಡ ಹುಡುಗನೇ. ಬ್ಯಾಂಡೇಜು ಕಟ್ಟಿದ ಕಾಲು ಚಾಚಿಕೊಂಡು ಇಡೀ ಶನಿವಾರ ಹಿತ್ತಿಲಲ್ಲಿ ಆಮೆಯ ಮಟ್ಟಕ್ಕೆ ತಲೆ ತಗ್ಗಿಸಿ ಮಲಗಿ ನೋಡಿದನಂತೆ. ಗಾಜಿನ ಬಾಗಿಲನ್ನು ಹೊಸದಾಗಿ ಹಾಕಿಸಿದ್ದರು, ನೆಲದವರೆಗೂ ಗಾಜು. ಬಿಸಿಲಿಗೆ ಅದರಲ್ಲಿ ಗುಂಡನ ಪ್ರತಿಬಿಂಬ ಚೆನ್ನಾಗಿ ಮೂಡುತ್ತಿತ್ತು. ಗುಂಡ ತಲೆ ಎತ್ತಿದರೆ ಒಳಗಿನವನೂ ಎತ್ತುತ್ತಾನೆ. ಗುಂಡ ನುಗ್ಗಿದರೆ ಅವನೂ ನುಗ್ಗುತ್ತಾನೆ. ಎರಡು ವಾರದಿಂದ ಪಾಪದ ಪ್ರಾಣಿ ತನ್ನ ಜಾಗಕ್ಕೆ ಬಂದ ಪರಗಂಡಾಮೆಯ ಜೊತೆ ಹಗಲೆಲ್ಲ ಹೋರಾಡಿ, ಸೋಲದ ಗೆಲ್ಲದ ಆ ಕಾಳಗದ ಕಾವನ್ನು ಚಪ್ಪಲಿಗಳ ಮೇಲೆ ತೀರಿಸಿಕೊಳ್ಳುತ್ತಿತ್ತು.

ಗಂಡಾಮೆಗಳಿಗೆ ಕಾಳಗ ಹೊಸದಲ್ಲ. ಬೆದೆಯ ಕಾಲದಲ್ಲಿ ಎರಡು ಗಂಡು ಎದುರಾದರೆ ಚಿಪ್ಪಿಗೆ ಚಿಪ್ಪು ಗುದ್ದುತ್ತವೆ, ಕಾಲು ಕಚ್ಚುತ್ತವೆ, ಒಂದನ್ನೊಂದು ಅಂಗಾತ ಕೆಡವಲು ನೋಡುತ್ತವೆ. ಮಡಗಾಸ್ಕರಿನ ಒಂದು ಜಾತಿಯಲ್ಲಿ ಕೆಳಚಿಪ್ಪಿನ ಮುಂತುದಿ ನೇಗಿಲಿನ ಗುಳದಂತೆ ಮುಂಚಾಚಿರುತ್ತದೆ. ಎದುರಾಳಿಯ ಅಡಿಗೆ ಅದನ್ನು ತೂರಿಸಿ ಮಗುಚಿಹಾಕುವುದೇ ಅವುಗಳ ಕುಸ್ತಿ. ಹೆಣ್ಣನ್ನು ಒಲಿಸಿಕೊಳ್ಳುವಾಗಲೂ ಗಂಡು ಗುದ್ದುವುದು, ಕಚ್ಚುವುದು ಉಂಟು. ಒಂದೇ ಸಣ್ಣ ಆವರಣದಲ್ಲಿ ಕೂಡಿಹಾಕಿದರೆ ಹೆಣ್ಣು ಓಡಿಹೋಗಲು ದಾರಿಯಿಲ್ಲದೆ ಗಾಯಗೊಳ್ಳುತ್ತದೆ. ಕಾಡಿನಲ್ಲಿ ಸೋತವರು ನಡೆದುಹೋಗುತ್ತಾರೆ, ಅಲ್ಲಿಗೆ ಜಗಳ ಮುಗಿಯಿತು. ಹಿತ್ತಲಿನಲ್ಲಿ ನಡೆದುಹೋಗುವುದಾದರೂ ಎಲ್ಲಿಗೆ? ಸಾಕಿದವರು ಹೊಡೆದೋ, ಬುದ್ಧಿ ಕಲಿಸಲೆಂದು ಅಂಗಾತ ಮಲಗಿಸಿಯೋ ಇದನ್ನು ಬಿಡಿಸಲಾರರು. ಬೇಕಾದದ್ದು ಜಾಗ, ಅಡಗಲು ಒಂದು ಮರೆ, ಜಗಳಗಂಟರ ನಡುವೆ ಆಚೆಯದು ಕಾಣದಂಥ ಗಟ್ಟಿ ತಡೆ.

ನಮ್ಮ ಹುಡುಗಿ ಗಾಜಿನ ಕೆಳಭಾಗಕ್ಕೆ ಒಂದು ಅಡಿ ಎತ್ತರದ ಮರದ ಹಲಗೆ ನಿಲ್ಲಿಸಿದಳು. ಕೈಯಿಂದ ತಿನ್ನಿಸುವುದನ್ನು ಬಿಟ್ಟು ಹಂಚಿನ ಮೇಲೆ ಸೊಪ್ಪು ಇಡತೊಡಗಿದಳು, ಬೆರಳು ಬೇರೆ ತುತ್ತು ಬೇರೆ ಎಂದು ತಿಳಿಯಲಿ ಅಂತ. ಅಂದಹಾಗೆ ಈ ಆಮೆಗಳಿಗೆ ಕೆಂಪು, ಹಳದಿ ಕಂಡರೆ ಹಣ್ಣು, ಹೂವು ಎಂಬ ಆಸೆ. ಹುಡುಗ ಅಂದು ಹಾಕಿದ್ದದ್ದು ತುದಿ ತೆರೆದ ಕೆಂಪು ಚಪ್ಪಲಿ. ಕಾಲಿಗೆ ಕೆಂಪು ಬಣ್ಣ ಹಚ್ಚಿಕೊಳ್ಳುವ ನಮ್ಮ ಹುಡುಗಿಯರು ಆಮೆ ಸಾಕಿದ ಮನೆಗೆ ಹೋದರೆ ನೆನಪಿಡಲಿ. ಒಂದು ತಿಂಗಳಲ್ಲಿ ಗುಂಡ ಮೊದಲಿನ ಗುಂಡನಾದ. ಈಗಲೂ ಆಗೊಮ್ಮೆ ಈಗೊಮ್ಮೆ ಚಪ್ಪಲಿ ಗುಮ್ಮುತ್ತಾನಂತೆ, ಗಂಡಾಮೆಯಲ್ಲವೆ, ಅಷ್ಟು ಇರಲಿ ಎಂದು ಬಿಟ್ಟಿದ್ದಾರೆ.

ಇದನ್ನು ಓದಿ ಯಾರಿಗಾದರೂ ಆಮೆ ಸಾಕುವ ಮನಸ್ಸಾದರೆ ಒಂದು ಮಾತು. ಇಂಗ್ಲೆಂಡಿನವರ ಈ ಹವ್ಯಾಸಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಮೊರಾಕೊ ಮುಂತಾದ ದೇಶಗಳಿಂದ ಲಕ್ಷಗಟ್ಟಲೆ ಆಮೆಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ತಂದರು. ದಾರಿಯಲ್ಲೇ ಸತ್ತವು ಎಷ್ಟೋ, ಮೊದಲ ಚಳಿಗಾಲ ಕಳೆಯದವು ಇನ್ನೆಷ್ಟೋ. 1984ರಲ್ಲಿ ಯುರೋಪಿನ ದೇಶಗಳು ಆ ವ್ಯಾಪಾರವನ್ನು ನಿಲ್ಲಿಸಿದವು. ಈಗ ಅಲ್ಲಿ ಮನೆಯಲ್ಲೇ ಮರಿಯಾದ ಆಮೆಗೆ ಪತ್ರ ಮಾಡಿಸಿ ಮಾರಬಹುದು, ಗುಂಡ ಅಂಥವನು. ನಮ್ಮ ನಕ್ಷತ್ರ ಆಮೆಯ ಪಾಡು ಬೇರೆ. ಅದೃಷ್ಟ ಬರುತ್ತದೆಂದು ಮನೆಯಲ್ಲಿಡುವವರಿದ್ದಾರೆ, ಸೂಟ್‌ಕೇಸುಗಳಲ್ಲಿ ತುಂಬಿ ಹೊರದೇಶಕ್ಕೆ ಸಾಗಿಸುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿದೆ. 2019ರಿಂದ ಅಂತರರಾಷ್ಟ್ರೀಯ ಒಪ್ಪಂದದಲ್ಲಿಯೂ ಅದಕ್ಕೆ ಅತಿ ಹೆಚ್ಚಿನ ರಕ್ಷಣೆಯಿದೆ. ಅದನ್ನು ಕುರುಚಲು ಕಾಡಿನಲ್ಲೇ ಬಿಟ್ಟರೆ ಅದರ ಸಿಟ್ಟೂ ನಮಗೆ ತಟ್ಟುವುದಿಲ್ಲ.

ಈಗಲೂ ನನಗೆ ಹೆಚ್ಚಾಗಿ ನೆನಪಾಗುವುದು ಪುಸ್ತಕ ಬರೆದ ಪಾದ್ರಿಗಳಲ್ಲ, ರಿಂಗ್ಮರಿನ ಸ್ನೂಕಮ್ಮ. ಕುಂಟುತ್ತ ಎದುರು ಬಂದ ಆಮೆಗೆ ಆಕೆ ಯಾವ ವ್ಯಾಖ್ಯಾನವನ್ನೂ ಕಟ್ಟಬೇಕಾಗಿರಲಿಲ್ಲ. ದಿನಾ ಅದೇ ಹೊತ್ತಿಗೆ, ಅದೇ ತೋಟಕ್ಕೆ, ಸೊಪ್ಪು ಹಿಡಿದು ಹೋದರೆ ಸಾಕಿತ್ತು. ಮೂವತ್ತು ವರ್ಷ ಹಾಗೆ ಹೋದರು. ತುತ್ತೂರಿಯಲ್ಲಿ ಕೂಗಿದರೂ ತಿರುಗದ ಪ್ರಾಣಿ ಆ ಹೆಜ್ಜೆಯ ಗುರುತು ಹಿಡಿಯುತ್ತಿತ್ತು. ಆಕೆಯೂ ಒಬ್ಬ ಸೋದರತ್ತೆ, ನಾನೂ ಒಬ್ಬ ಸೋದರತ್ತೆ. ಆಕೆಯಿಂದ ನಾನು ಕಲಿಯುವುದು ಇನ್ನೂ ಬೇಕಾದಷ್ಟಿದೆ.